ಶೆಡ್ಡಿನಲ್ಲಿ ಉಳಿದುಹೋದ ಹಾಯಿದೋಣಿಯನ್ನು ಈ ವರ್ಷವಾದರೂ ನೀರಿಗಿಳಿಸಬಹುದೇ?

ಶೆಡ್ಡಿನ ದೋಣಿ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಕಾರು ಶೆಡ್ಡಿನಲ್ಲಿ ಒಂದು ಮರದ ಹಾಯಿದೋಣಿ ಅರ್ಧಕ್ಕೆ ನಿಂತಿದೆ. ಅದು ಮಿರರ್ ಎಂಬ ಮಾದರಿಯದು. ಮನೆಯಲ್ಲೇ ದೋಣಿ ಕಟ್ಟಿಕೊಳ್ಳುವವರಿಗೆಂದು ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಇಂಗ್ಲೆಂಡಿನಲ್ಲಿ 1962ರ ಸುಮಾರಿಗೆ ರೂಪಿಸಿದ ಈ ದೋಣಿಯ ಉದ್ದ 10 ಅಡಿ 10 ಅಂಗುಲ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಮತ್ತು ಗಾಜಿನ ನಾರಿನ ಪಟ್ಟಿ ಕೂರಿಸಿ ಕಟ್ಟುವ ಕ್ರಮ ಅದರದು. ನನ್ನ ಸೋದರಮಾವ ಅಲ್ಲಿಂದ ತಂದುಕೊಟ್ಟ ನಕ್ಷೆಯನ್ನು ಹಿಡಿದು, ಮಗಳು ಪ್ರಾಥಮಿಕ ಶಾಲೆಯಲ್ಲಿದ್ದಾಗ ಕೆಲಸವನ್ನು ಆರಂಭಿಸಿದೆ. ಆಮೇಲೆ ಬ್ಯಾಂಕಿನ ವರ್ಗಾವಣೆ, ತಾಯಿಯವರ ಕಾಯಿಲೆ, ಮನೆಯ ಸಾಲ ಒಂದರ ಹಿಂದೊಂದು ಬಂದವು. ಈಗ ಮಗಳು ನೌಕರಿಯಲ್ಲಿದ್ದಾಳೆ, ನಾನು ನಿವೃತ್ತನಾಗಿದ್ದೇನೆ, ದೋಣಿ ಮಾತ್ರ ಟಾರ್ಪಾಲಿನ ಕೆಳಗೆ ಹಾಗೆಯೇ ಇದೆ.

ಒಡಲು ಪೂರ್ತಿಯಾಗಿ ಕೂಡಿಕೊಂಡಿದೆ. ಒಳಗೂ ಹೊರಗೂ ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಪಟ್ಟಿ ಹಾಕಿದ್ದೇನೆ. ಮುಂದೆ, ಹಿಂದೆ ಮತ್ತು ಎರಡು ಬದಿಗಳಲ್ಲಿ ಬರಬೇಕಾದ, ಮಗುಚಿದರೂ ದೋಣಿಯನ್ನು ತೇಲಿಸುವ ಗಾಳಿಪೆಟ್ಟಿಗೆಗಳ ಮುಚ್ಚಳ ಇನ್ನೂ ಬಾಕಿ. ಚುಕ್ಕಾಣಿ ಸಿದ್ಧವಿದೆ, ಹಾಯಿಕಂಬವೂ ಇಲ್ಲ, ಹಾಯಿಯೂ ಇಲ್ಲ. ಇಷ್ಟು ವರ್ಷ ಕಳೆದ ಪ್ಲೈವುಡ್ ಅನ್ನು ನಂಬಬಹುದೇ, ನಡುವೆ ಎಂದೋ ಕೊಂಡಿಟ್ಟ ಎಪಾಕ್ಸಿ ಎಂಬ ಎರಡು ಭಾಗ ಕಲಸುವ ಅಂಟಿನ ಡಬ್ಬಿಯಲ್ಲಿ ಹರಳುಗಟ್ಟಿರುವುದನ್ನು ಎಸೆಯಬೇಕೇ, ಎಲ್ಲ ಮುಗಿದರೂ ಇಳಿಸುವುದು ಯಾವ ನೀರಿಗೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಮಂಡ್ಯದ ಮಾತು
ಸ್ವಾಮಿ, ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಮುದ್ರವೇ ಇಲ್ಲದ ನಾಡಿನಲ್ಲಿ ಹಾಯಿದೋಣಿ ಏಕೆ? ನಮ್ಮ ಕಡೆ ತಲೆತಲಾಂತರದಿಂದ ಹರಿಗೋಲಿನಲ್ಲೇ ಹೊಳೆ ದಾಟಿದ್ದೇವೆ, ಯಾರಿಗೂ ಹಾಯಿ ಬೇಕು ಎನಿಸಿದ್ದಿಲ್ಲ.

ಹಿನ್ನೀರ ಗಾಳಿ
ಕನ್ನಂಬಾಡಿಯ ಹಿನ್ನೀರಿನಲ್ಲಿ ಒಮ್ಮೆ ಹಾಯಿ ಬಿಚ್ಚಿದವರು ಈ ಪ್ರಶ್ನೆಯನ್ನು ಕೇಳಲಾರರು. ಅಣೆಕಟ್ಟೆ ತುಂಬಿದಾಗ ಸುಮಾರು 129 ಚದರ ಕಿಲೋಮೀಟರಿನಷ್ಟು ನೀರು ಹರಡಿಕೊಳ್ಳುತ್ತದೆ, ಪಶ್ಚಿಮದಿಂದ ಬೀಸುವ ಗಾಳಿಗೆ ಅಡ್ಡಿಯಾಗಲು ದೊಡ್ಡ ಬೆಟ್ಟಗಳೂ ಇಲ್ಲ. ಅಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಎಂಬ ಹಾಯಿದೋಣಿಗಳ ಕ್ಲಬ್ಬೇ ಇದೆ. ಹರಿಗೋಲು ಹೊಳೆ ದಾಟಲು ಅತ್ಯುತ್ತಮ ಸಾಧನ ಎನ್ನುವುದನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಗಾಳಿಯ ಎದುರು ಹೋಗಲು ಬಾರದು.

ಶೆಡ್ಡಿನ ದೋಣಿಯವರೇ, ಮಿರರ್ ಎಂದು ಓದಿ ಸಂತೋಷವಾಯಿತು. ಪ್ರಪಂಚದಲ್ಲಿ 70,000ಕ್ಕೂ ಹೆಚ್ಚು ಮಿರರ್ ದೋಣಿಗಳಾಗಿವೆ, ಬಹುಪಾಲು ನಿಮ್ಮಂಥವರ ಶೆಡ್ಡುಗಳಲ್ಲೇ ಹುಟ್ಟಿದವು. ಒಡಲಿನ ತೂಕ 45 ಕೆ.ಜಿ.ಯ ಆಸುಪಾಸು, ಆದ್ದರಿಂದ ಇಬ್ಬರು ಎತ್ತಬಹುದು. ಹಾಯಿಕಂಬವನ್ನೂ ಅದರ ಮೇಲಿನ ಗಳುವನ್ನೂ ದೋಣಿಯ ಉದ್ದದೊಳಗೇ ಮಡಗುವಂತೆ ರೂಪಿಸಿರುವುದರಿಂದ ಸಾಗಿಸುವುದೂ ಸುಲಭ. ಇದನ್ನು ಬಿಡಬೇಡಿ.

ಇಲವಾಲದ ಬಡಗಿ
ಪ್ಲೈವುಡ್ ವಿಚಾರಕ್ಕೆ ಬರೋಣ. ಹಲಗೆಯ ಮೇಲೆ ಐ.ಎಸ್. 710 ಎಂಬ ಮುದ್ರೆ ಇದೆಯೇ ನೋಡಿ. ಅದು ನಮ್ಮ ದೇಶದ ಮೆರೈನ್ ಪ್ಲೈವುಡ್‌ನ ಮಾನದಂಡ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಎಂಬುದು ಅದರ ಷರತ್ತು. ಅಡುಗೆಮನೆಯ ಕಪಾಟಿಗೆ ಹಾಕುವ 303 ಮುದ್ರೆಯ ಹಲಗೆಯೂ ನೋಡಲು ಅದರಂತೆಯೇ ಇರುತ್ತದೆ, ಅಂಗಡಿಯವರು ಎರಡನ್ನೂ ವಾಟರ್‌ಪ್ರೂಫ್ ಎಂದೇ ಮಾರುತ್ತಾರೆ. ಕೊಯ್ದು ಉಳಿದ ತುಂಡು ಶೆಡ್ಡಿನ ಮೂಲೆಯಲ್ಲಿ ಖಂಡಿತ ಬಿದ್ದಿರುತ್ತದೆ. ಅದನ್ನು ಹಳೆಯ ಪಾತ್ರೆಯಲ್ಲಿ ಅರ್ಧ ದಿನ ಕುದಿಸಿ, ಒಣಗಿಸಿ, ಅಂಚಿಗೆ ಉಳಿ ಹಾಕಿ ಮೀಟಿ. ಪದರಗಳು ಸುಲಭವಾಗಿ ಬಿಟ್ಟುಕೊಂಡರೆ ಮುಂದಿನ ಮಾತೇ ಬೇಡ. ಮರದ ನಾರು ಸೀಳಿ ಬಂದು ಅಂಟು ಹಾಗೆಯೇ ಉಳಿದರೆ ಹಲಗೆ ಗಟ್ಟಿಯಾಗಿದೆ ಎಂದರ್ಥ.

ಇನ್ನು ಒಡಲಿನ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿಯಾದ ಕಡೆ ಟಕ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಬೊದ್ದು ಸದ್ದು ಬರುತ್ತದೆ. ನೆಲಕ್ಕೆ ತಾಗಿದ ಭಾಗ, ಗೋಡೆಗೆ ಒರಗಿದ ಅಂಚು ಮತ್ತು ತಂತಿ ತೂರಿಸಿದ ರಂಧ್ರಗಳ ಸುತ್ತ ದಬ್ಬಣ ಚುಚ್ಚಿ ನೋಡಿ. ಸರಸ್ವತಿಪುರಂನ ಹಳೆಯ ಮನೆಗಳಲ್ಲಿ ನೀರಿಗಿಂತ ಗೆದ್ದಲಿನ ಭಯವೇ ಹೆಚ್ಚು. ನೆಲದಿಂದ ಮಣ್ಣಿನ ಸಾಲು ಹತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ.

ಹೆಬ್ಬಾಳು ಫೈಬರ್
ಹರಳುಗಟ್ಟಿದ ಎಪಾಕ್ಸಿಯನ್ನು ಎಸೆಯಬೇಡಿ. ರೆಸಿನ್ ಡಬ್ಬಿಯನ್ನು 50 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿಟ್ಟು, ಆಗಾಗ ಕಲಕುತ್ತಾ ಇದ್ದರೆ ಮತ್ತೆ ತಿಳಿಯಾಗುತ್ತದೆ. ಒಂದು ಹರಳೂ ಉಳಿಯಬಾರದು, ಉಳಿದರೆ ಮತ್ತೆ ಗಟ್ಟಿಯಾಗಲು ಅದೇ ಬೀಜವಾಗುತ್ತದೆ. ಅದನ್ನು ಗಟ್ಟಿಯಾಗಿಸಲು ಕಲಸುವ ಹಾರ್ಡನರ್ ಕೆಂಪಗಾಗಿದ್ದರೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಸ್ವಲ್ಪವೇ ಕಲಸಿ ಒಂದು ಪ್ಲೈ ತುಂಡಿಗೆ ಹಚ್ಚಿ, ಮಾರನೆಯ ದಿನ ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ ಡಬ್ಬಿಯನ್ನು ಮರೆತುಬಿಡಿ. ಆದರೆ ಪಾಲಿಯೆಸ್ಟರ್ ರೆಸಿನ್ ಏನಾದರೂ ಉಳಿದು ಲೋಳೆಯಾಗಿದ್ದರೆ ಅದಕ್ಕೆ ಮರುಜೀವವಿಲ್ಲ.

ಹಳೆಯ ಪಾಲಿಯೆಸ್ಟರ್ ಪಟ್ಟಿಗಳ ಮೇಲೆ 80ರ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ ಎಪಾಕ್ಸಿ ಹಾಕಬಹುದು, ಅದು ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಕಿದರೆ ಹಿಡಿಯುವುದಿಲ್ಲ. ಹೀಗಾಗಿ ಇಲ್ಲಿಂದ ಮುಂದೆ ಪೂರ್ತಿ ಎಪಾಕ್ಸಿಯಲ್ಲೇ ನಡೆಯಿರಿ, ನಡುವೆ ಹಣ ಉಳಿಸಲು ಹಿಂದಿರುಗಬೇಡಿ.

ಒಂದು ಎಚ್ಚರಿಕೆ. ಕಲಸಿದ ಎಪಾಕ್ಸಿಯನ್ನು ಲೋಟದಲ್ಲಿ ತುಂಬಿಕೊಂಡು ಕುಳಿತರೆ ಅದು ತನ್ನ ಕಾವಿಗೆ ತಾನೇ ಬೇಯುತ್ತದೆ. ನನ್ನ ಕೈಯಲ್ಲೇ ಪ್ಲಾಸ್ಟಿಕ್ ಲೋಟ ಮೆತ್ತಗಾಗಿ, ತಳ ಜೋತು, ಹೊಗೆ ಏಳುವುದನ್ನು ಕಂಡಿದ್ದೇನೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಕಾವು ಹರಡಿ ಸಮಯ ಸಿಗುತ್ತದೆ. ಸಂದಿಗೆ ತುಂಬುವ ಮಿಶ್ರಣಕ್ಕೆ ಮರದ ನುಣುಪಾದ ಹೊಟ್ಟನ್ನು ಸೇರಿಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿಕೊಳ್ಳಿ. ಚಮಚದ ಬೆನ್ನಿನಿಂದ ಎಳೆದರೆ ಸಂದು ದುಂಡಗೆ ಕೂರುತ್ತದೆ. ತೇಗದ ಹೊಟ್ಟು ಬೇಡ, ಅದರಲ್ಲಿ ಎಣ್ಣೆ ಇರುತ್ತದೆ.

ಬರೀ ಮರಕ್ಕೆ ಮೊದಲ ಲೇಪವನ್ನು ಬೆಳಿಗ್ಗೆ ಹಚ್ಚಬೇಡಿ. ಹೊತ್ತೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಲೇಪದ ತುಂಬ ಗುಳ್ಳೆಗಳೇಳುತ್ತವೆ. ಮಧ್ಯಾಹ್ನ ಮೂರರ ಮೇಲೆ, ಬಿಸಿಲು ಇಳಿಯುತ್ತಿರುವಾಗ ಹಚ್ಚಿದರೆ ಮರ ಲೇಪವನ್ನು ಒಳಗೆಳೆದುಕೊಳ್ಳುತ್ತದೆ. ಮಳೆಗಾಲದ ಥಂಡಿಯಲ್ಲಿ ಗಟ್ಟಿಯಾದ ಲೇಪದ ಮೇಲೆ ಜಿಡ್ಡಿನ ಪೊರೆ ಕೂರಬಹುದು. ಅದನ್ನು ಉಜ್ಜುವ ಮೊದಲು ಬರೀ ನೀರಿನಿಂದ ತೊಳೆಯಬೇಕು, ಇಲ್ಲವಾದರೆ ಉಪ್ಪುಕಾಗದ ಆ ಜಿಡ್ಡನ್ನು ಮರದೊಳಕ್ಕೇ ತಿಕ್ಕುತ್ತದೆ.

ಗಂಗೊಳ್ಳಿ ಮೂಲದವಳು
ನಾನು ಕರಾವಳಿಯವಳು, ಮದುವೆಯಾಗಿ ಮೈಸೂರಿಗೆ ಬಂದವಳು. ನಮ್ಮ ಅಜ್ಜನ ಮನೆಯ ದೋಣಿಗೆ ಪ್ರತಿ ಮಳೆಗಾಲದ ಮುನ್ನ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಅದರ ಘಾಟಿಗೆ ಮಕ್ಕಳೆಲ್ಲ ಕೆಮ್ಮುತ್ತಾ ಓಡುತ್ತಿದ್ದೆವು. ಆ ದೋಣಿಗಳು ಇಡೀ ಮರದ ಹಲಗೆಯವು, ನೀರು ಕುಡಿದು ಉಬ್ಬಿದ ಮೇಲೆಯೇ ಸಂದು ಕೂಡುತ್ತಿದ್ದವು. ಆದ್ದರಿಂದ 5 ಮಿಲಿಮೀಟರಿನ ಪ್ಲೈವುಡ್ಡನ್ನು ಅಂಟಿಸಿ ಅದನ್ನು ದೋಣಿ ಎನ್ನುವುದು ನನಗೆ ಈಗಲೂ ಅಷ್ಟು ಒಪ್ಪಿಗೆಯಾಗುವುದಿಲ್ಲ. ಇಷ್ಟೆಲ್ಲ ರಾಸಾಯನಿಕಗಳ ಮೇಲೆ ನಿಂತಿರುವ ವಸ್ತು ಒಂದು ಬಂಡೆಗೆ ತಾಗಿದರೆ ಏನಾದೀತು?

ಹೆಬ್ಬಾಳು ಫೈಬರ್
ಅಕ್ಕಾ, ಬಂಡೆಗೆ ತಾಗಿದರೆ ತೂತಾಗುತ್ತದೆ, ಮೇಲೆತ್ತಿ ಒಣಗಿಸಿ ತೇಪೆ ಹಾಕಿದರೆ ಮತ್ತೆ ತೇಲುತ್ತದೆ. ಹಲಗೆಯ ದೋಣಿಯನ್ನು ಶೆಡ್ಡಿನಲ್ಲಿ ಇಷ್ಟು ವರ್ಷ ಒಣಗಿಸಿದ್ದರೆ ಸಂದುಗಳೆಲ್ಲ ಬಾಯಿಬಿಟ್ಟುಕೊಂಡು ಈ ಚರ್ಚೆಯೇ ಇರುತ್ತಿರಲಿಲ್ಲ. ಬಳಸುವ ದಿನ ಮಾತ್ರ ನೀರಿಗೆ ಹೋಗಿ ಉಳಿದ ದಿನ ಮನೆಯಲ್ಲಿರುವ ದೋಣಿಗೆ ಪ್ಲೈವುಡ್ಡೇ ಸರಿ.

ಗಂಗೊಳ್ಳಿ ಮೂಲದವಳು
ಆ ಮಾತು ನ್ಯಾಯವಾದುದು, ಅದನ್ನು ಒಪ್ಪಿಕೊಂಡೆ. ಗೇರೆಣ್ಣೆಯನ್ನು ಮಾತ್ರ ಯಾರೂ ಎಪಾಕ್ಸಿಯ ಪಕ್ಕಕ್ಕೂ ತರಬೇಡಿ, ಎಣ್ಣೆ ತಾಗಿದ ಮರಕ್ಕೆ ಯಾವ ಅಂಟೂ ಹಿಡಿಯದು.

ಶೆಡ್ಡಿನ ದೋಣಿ
ಎಲ್ಲರಿಗೂ ಧನ್ಯವಾದಗಳು. ತುಂಡನ್ನು ಕುದಿಸಿ ನೋಡಿದೆ, ನಾರು ಸೀಳಿತು, ಅಂಟು ಬಿಡಲಿಲ್ಲ. ಹಿಂಬದಿಯ ಹಲಗೆಯ ಕೆಳ ಅಂಚಿನಲ್ಲಿ ಒಂದು ಕಡೆ ಬೊದ್ದು ಸದ್ದು ಬಂದಿದೆ, ಅಷ್ಟನ್ನು ಕೊಯ್ದು ಹೊಸ ತುಂಡನ್ನು ಕೂರಿಸುತ್ತೇನೆ. ಚುಕ್ಕಾಣಿಯ ವಾರ್ನಿಷ್ ಮಾತ್ರ ಮನಸ್ಸಿಗೆ ಬಂದಿಲ್ಲ, ಅದನ್ನು ಪೂರ್ತಿ ತೆಗೆದು ಇನ್ನೊಮ್ಮೆ ಹಚ್ಚಿದ ಮೇಲೆ ಗಾಳಿಪೆಟ್ಟಿಗೆಗಳಿಗೆ ಕೈಹಾಕೋಣ ಎಂದಿದ್ದೇನೆ.

ದೋಣಿಯವರ ಮಗಳು
ಅಪ್ಪ ಇಲ್ಲಿ ಬರೆಯುತ್ತಿದ್ದಾರೆ ಎಂದು ಅಮ್ಮ ಹೇಳಿದರು, ಅದಕ್ಕೇ ಬಂದೆ. ಸಭಿಕರ ಗಮನಕ್ಕೆ ಒಂದು ವಿಷಯ: ಆ ಚುಕ್ಕಾಣಿಗೆ ನಾನು ಪಿಯುಸಿಯಲ್ಲಿದ್ದಾಗಲೂ ವಾರ್ನಿಷ್ ಆಗಿದೆ, ಇಂಜಿನಿಯರಿಂಗ್ ಸೇರಿದಾಗಲೂ ಆಗಿದೆ, ಕೊರೋನಾ ಕಾಲದಲ್ಲಿಯೂ ಆಗಿದೆ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ದೋಣಿಗೆ ಮಾತ್ರ ಕೂರಲು ಪೀಠವೇ ಇಲ್ಲ. ದಯವಿಟ್ಟು ಯಾರಾದರೂ ಅಪ್ಪನಿಗೆ ಏನನ್ನು ಮೊದಲು ಮಾಡಬೇಕು ಎಂಬುದನ್ನು ಖಡಾಖಂಡಿತವಾಗಿ ಹೇಳಿ, ನಾನು ಹೇಳಿದರೆ ಕೇಳುವುದಿಲ್ಲ.

ಹಿನ್ನೀರ ಗಾಳಿ
ಹೇಳುತ್ತೇನಮ್ಮ. ಸರ್, ನೀರಿಗಿಳಿಯುವ ದಿನ ಯಾವುದು ಅಪೂರ್ಣವಾಗಿದ್ದರೂ ನಡೆಯುತ್ತದೆ, ಯಾವುದು ಅಪೂರ್ಣವಾಗಿರಲೇಬಾರದು ಎಂಬುದನ್ನು ಬೇರ್ಪಡಿಸಿಕೊಳ್ಳದ ಕಾರಣದಿಂದಲೇ ಹೆಚ್ಚಿನ ಮನೆದೋಣಿಗಳು ಶೆಡ್ಡಿನಲ್ಲಿ ಉಳಿಯುತ್ತವೆ. ಕಣ್ಣಿಗೆ ಕಾಣುವ ಕೆಲಸ ಸುಖವಾಗಿರುತ್ತದೆ, ಉಜ್ಜಿದಷ್ಟೂ ಹೊಳೆಯುತ್ತದೆ. ಮುಚ್ಚಳದ ಒಳಬದಿಗೆ ಲೇಪ ಹಚ್ಚುವ ಕೆಲಸವನ್ನು ಯಾರೂ ನೋಡುವುದಿಲ್ಲ, ಆದರೆ ದೋಣಿ ಮಗುಚಿದಾಗ ನಿಮ್ಮನ್ನು ತೇಲಿಸುವುದು ಅದೇ. ಗಾಳಿಪೆಟ್ಟಿಗೆಗಳು ಮುಚ್ಚದೆ, ಅವುಗಳ ಸೋರಿಕೆಯನ್ನು ಪರೀಕ್ಷಿಸದೆ ಮಿರರ್ ದೋಣಿಯನ್ನು ಮೊಣಕಾಲುದ್ದದ ನೀರಿಗೂ ಒಯ್ಯಬೇಡಿ. ಚುಕ್ಕಾಣಿಯ ಕೊಂಡಿಗಳು, ಹಾಯಿಕಂಬವನ್ನು ಹಿಡಿಯುವ ತಂತಿಹಗ್ಗಗಳು ಒಡಲಿಗೆ ಸೇರುವ ಜಾಗಗಳು ಮತ್ತು ದೋಣಿ ಪಕ್ಕಕ್ಕೆ ಸರಿಯದಂತೆ ತಳದಿಂದ ಇಳಿಸುವ ಹಲಗೆಯ ಗೂಡು, ಇವು ಗಟ್ಟಿಯಾಗಿರಬೇಕು. ಉಳಿದದ್ದೆಲ್ಲ ಆಮೇಲೆ.

ಬಣ್ಣ ಒಂದೇ ಕೋಟ್ ಆಗಿದ್ದರೂ ಸರಿ, ಆದರೆ ಬರೀ ಎಪಾಕ್ಸಿಯನ್ನು ಬಿಸಿಲಿಗೆ ಬಿಡಬೇಡಿ, ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಹಾಯಿ ಇಲ್ಲವೆಂದು ಕಾಯಬೇಡಿ. ಈ ದೋಣಿಯನ್ನು ಹುಟ್ಟು ಹಾಕಿಯೂ ನಡೆಸಬಹುದು. ಮೊದಲ ಸಲ ಹುಟ್ಟಿನಲ್ಲೇ ಇಳಿಸಿ, ಎಲ್ಲಿ ಸೋರುತ್ತದೆ, ಹೇಗೆ ವಾಲುತ್ತದೆ ಎಂಬುದನ್ನು ನೋಡಿಕೊಂಡರೆ ಹಾಯಿಯ ದಿನ ತಲೆನೋವು ಕಡಿಮೆ.

ಮಂಡ್ಯದ ಮಾತು
ಶೆಡ್ಡಿನಿಂದ ಹೊರಗೆ ಬರುತ್ತದೆಯೇ ಎಂಬುದನ್ನು ಯಾರೂ ಕೇಳಲೇ ಇಲ್ಲವಲ್ಲ!

ಶೆಡ್ಡಿನ ದೋಣಿ
ದೋಣಿಯ ಅಗಲ 4 ಅಡಿ 7 ಅಂಗುಲ, ಮನೆ ಕಟ್ಟಿಸುವಾಗ ಶೆಡ್ಡಿನ ಮುಂದೆ ಎಬ್ಬಿಸಿದ ಹೊಸ ಗೋಡೆಯಿಂದಾಗಿ ಉಳಿದಿರುವ ದಾರಿ ಮೂರೂವರೆ ಅಡಿ. ಪಕ್ಕಕ್ಕೆ ಮಗ್ಗುಲಾಗಿಸಿದರೆ ದೋಣಿ ಧಾರಾಳವಾಗಿ ಹೊರಬರುತ್ತದೆ, ಅಳೆದು ನೋಡಿದ್ದೇನೆ.

ನಿವೃತ್ತ ನೀರಾವರಿ
ಇಳಿಸುವ ಜಾಗದ ಬಗ್ಗೆ ನಾಲ್ಕು ಮಾತು. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ, ಕಾರಂಜಿ ಕೆರೆ ಮೃಗಾಲಯದ ಸುಪರ್ದಿನಲ್ಲಿದೆ. ಎರಡೂ ಹಕ್ಕಿಗಳ ನೆಲೆಗಳು, ಅಲ್ಲಿ ಸ್ವಂತ ದೋಣಿಯ ಯೋಚನೆ ಬೇಡ. ರಂಗನತಿಟ್ಟು 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಗಿದೆ, ಆ ಕಡೆ ಮುಖವನ್ನೂ ಹಾಕಬಾರದು. ಶ್ರೀರಂಗಪಟ್ಟಣದ ಬಳಿಯ ಹೊಳೆಯಲ್ಲಿ ಬಂಡೆಗಳೇ ಬಂಡೆಗಳು, ಮೇಲಿನಿಂದ ನೀರು ಬಿಟ್ಟರೆ ಸೆಳೆತ ಬೇರೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ನೀರು ತಿಳಿಯಾಗಿದೆ, ಆದರೆ ಬೆಟ್ಟಗಳ ನಡುವೆ ಗಾಳಿ ಒಂದು ಕ್ಷಣ ಸತ್ತು ಮರುಕ್ಷಣ ಬೇರೆ ದಿಕ್ಕಿನಿಂದ ಬಡಿಯುತ್ತದೆ. ಹೊಸಬರಿಗೆ ಅದು ತಕ್ಕದ್ದಲ್ಲ.

ಉಳಿದದ್ದು ಕೃಷ್ಣರಾಜಸಾಗರದ ಹಿನ್ನೀರು. ಅಣೆಕಟ್ಟೆಯ ಆಸುಪಾಸು ನಿರ್ಬಂಧಿತ ಪ್ರದೇಶ, ಅಲ್ಲಿಗೆ ದೋಣಿ ಒಯ್ಯುವುದು ಅಪರಾಧವೂ ಹೌದು, ಮೂರ್ಖತನವೂ ಹೌದು. ಮೈಸೂರಿನ ಕಡೆಯಿಂದ ಮೀನಾಕ್ಷಿಪುರದ ಬದಿಗೆ ಹೋದರೆ ಅಣೆಕಟ್ಟೆ ಬಹಳ ದೂರ ಉಳಿಯುತ್ತದೆ. ಆದರೂ ಕಾವೇರಿ ನೀರಾವರಿ ನಿಗಮದ ಸ್ಥಳೀಯ ಕಚೇರಿಗೆ ಒಂದು ಅರ್ಜಿ ಬರೆದು, ಉತ್ತರವನ್ನು ಕೈಯಲ್ಲಿ ಹಿಡಿದೇ ಇಳಿಯಿರಿ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ ದಾಖಲಿಸುವ ಏರ್ಪಾಡನ್ನು ಹೇಳುತ್ತದೆ, ಆದ್ದರಿಂದ ಪಂಚಾಯಿತಿಯಲ್ಲೂ ವಿಚಾರಿಸಿ.

ಮಟ್ಟವನ್ನೂ ಗಮನಿಸಿ. ಪೂರ್ಣ ಮಟ್ಟ 124.80 ಅಡಿ. ಬೇಸಿಗೆಯ ಕೊನೆಯಲ್ಲಿ ನೀರು ಬಹಳ ಹಿಂದೆ ಸರಿದು, ದಡದಿಂದ ನೀರಿನವರೆಗೆ ಒಣಗಿದಂತೆ ತೋರುವ ಕೆಸರು ಉಳಿಯುತ್ತದೆ. ಮೇಲಿನ ಹೆಪ್ಪು ಒಡೆದರೆ ಕಾಲು ತೊಡೆಯವರೆಗೆ ಹೂತುಹೋಗುತ್ತದೆ. ಅಣೆಕಟ್ಟೆ ತುಂಬಿ ಮುಖ್ಯಮಂತ್ರಿಗಳು ಬಾಗಿನ ಬಿಡುವ ಹೊತ್ತಿಗೆ ನೀರು ಹುಲ್ಲಿನ ಅಂಚಿಗೆ ಬಂದಿರುತ್ತದೆ, ಇಳಿಸಲು ಆಗ ಅನುಕೂಲ.

ಇಲವಾಲದ ಬಡಗಿ
ಹಾಯಿಕಂಬಕ್ಕೆ ಯಾವ ಮರವನ್ನು ಯೋಚಿಸಿದ್ದೀರಿ? ಹಿಂದೆ ಘಟ್ಟದ ಪೂನ್ ಮರ ಹಡಗುಗಳ ಹಾಯಿಕಂಬಕ್ಕೆ ಹೋಗುತ್ತಿತ್ತು. ಈಗ ಅದನ್ನು ಕೇಳುವುದೂ ಬೇಡ, ಕಡಿಯುವುದೂ ಬೇಡ.

ಶೆಡ್ಡಿನ ದೋಣಿ
ಹಳೆಯ ಮನೆಯ ತೇಗದ ತೊಲೆಯೊಂದಿದೆ, ಅದನ್ನೇ ಸೀಳಿಸೋಣ ಎಂದುಕೊಂಡಿದ್ದೆ.

ಇಲವಾಲದ ಬಡಗಿ
ತೊಲೆಯನ್ನು ಬಾಗಿಲಿಗೆ ಇಟ್ಟುಕೊಳ್ಳಿ. ಕಂಬದ ತುದಿಯಲ್ಲಿ ಒಂದು ಕೆ.ಜಿ. ಹೆಚ್ಚಾದರೂ ಇಷ್ಟು ಚಿಕ್ಕ ದೋಣಿ ಅದನ್ನು ಅನುಭವಿಸುತ್ತದೆ, ಬೇಗ ವಾಲುತ್ತದೆ. ಮರದ ಅಂಗಡಿಯಲ್ಲಿ ಹೊರದೇಶದ ಪೈನ್ ಅಥವಾ ಡಗ್ಲಸ್ ಫರ್ ಸಿಗುತ್ತದೆ, ಗಂಟಿಲ್ಲದ, ಎಳೆ ಉದ್ದಕ್ಕೂ ನೆಟ್ಟಗೆ ಓಡಿರುವ ರೀಪನ್ನು ಆರಿಸಿ. ಒಂದೇ ತುಂಡನ್ನು ಬಳಸದೆ ಎರಡು ರೀಪುಗಳ ಎಳೆಯನ್ನು ಎದುರುಬದಿರಾಗಿಸಿ ಅಂಟಿಸಿದರೆ ಬಿಸಿಲಿಗೆ ಬಾಗುವುದಿಲ್ಲ. ಚೌಕವನ್ನು ಮೊದಲು ಎಂಟು ಮೂಲೆ ಮಾಡಿ, ಆಮೇಲೆ ಹದಿನಾರು ಮಾಡಿ, ಕೊನೆಗೆ ಉಪ್ಪುಕಾಗದದಿಂದ ದುಂಡಗೆ ಉಜ್ಜಬೇಕು. ಮೇಲಿನ ಗಳುವಿಗೆ ಮಾತ್ರ ಬಂಬೂ ಬಜಾರಿನಲ್ಲಿ ಒಂದು ಗಟ್ಟಿ ಬಿದಿರನ್ನು ಆರಿಸಿದರೂ ಸಾಕು.

ಹಿನ್ನೀರ ಗಾಳಿ
ಬಿದಿರಿಗೆ ನನ್ನ ಸಮ್ಮತಿ ಇದೆ, ಆದರೆ ಗಿಣ್ಣುಗಳನ್ನು ನುಣ್ಣಗೆ ಮಾಡದಿದ್ದರೆ ಅದು ಹಾಯಿಯನ್ನು ಕೊರೆದುಹಾಕುತ್ತದೆ. ಹಾಯಿಯನ್ನು ಕಾರಿನ ಹೊದಿಕೆ ಹೊಲಿಯುವವರಿಂದ ಸಪಾಟಾಗಿ ಹೊಲಿಸಬೇಡಿ. ಹಾಯಿ ಎಂದರೆ ಚಪ್ಪಟೆ ಬಟ್ಟೆಯಲ್ಲ, ಪಟ್ಟೆಗಳ ಅಂಚನ್ನು ಸ್ವಲ್ಪ ಬಾಗಿಸಿ ಕೂಡಿಸಿದಾಗಲೇ ಅದಕ್ಕೆ ಹೊಟ್ಟೆ ಬಂದು ಎಳೆತ ಹುಟ್ಟುತ್ತದೆ. ಯಾವುದಾದರೂ ಹಾಯಿ ಕ್ಲಬ್ಬಿನಲ್ಲಿ ವಿಚಾರಿಸಿದರೆ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಹಳೆಯ ಹಾಯಿ ಸಿಗಬಹುದು. ಮೊದಲ ವರ್ಷಕ್ಕೆ ಅದೇ ಉತ್ತಮ.

ಗಂಗೊಳ್ಳಿ ಮೂಲದವಳು
ಆಷಾಢದಲ್ಲಿ ಮಾತ್ರ ಇಳಿಸಬೇಡಿ ಎಂದು ನಮ್ಮ ಅತ್ತೆಯವರು ಹೇಳಿ ಕಳಿಸಿದ್ದಾರೆ. ಶುಭಕಾರ್ಯಕ್ಕೆ ಆಗದ ಮಾಸವಂತೆ.

ಮಂಡ್ಯದ ಮಾತು
ದೋಣಿಗೂ ಪಂಚಾಂಗವೇ? ಇದು 21ನೆಯ ಶತಮಾನ ತಾಯಿ.

ಹಿನ್ನೀರ ಗಾಳಿ
ಪಂಚಾಂಗವನ್ನು ಬದಿಗಿಟ್ಟರೂ ಅತ್ತೆಯವರ ಮಾತೇ ಸರಿ. ಆಷಾಢದ ಗಾಳಿ ನಮ್ಮ ಬಯಲಿನಲ್ಲಿ ವರ್ಷದಲ್ಲೇ ಜೋರು, ಹಿನ್ನೀರಿನ ತುಂಬ ಬಿಳಿನೊರೆ ಏಳುತ್ತಿರುತ್ತದೆ, ನೀರೂ ಇನ್ನೂ ಏರುತ್ತಿರುತ್ತದೆ. ಅನುಭವಿಗಳಿಗೆ ಅದು ಹಬ್ಬ. ಹೊಸ ದೋಣಿ, ಹೊಸ ಹಗ್ಗ, ಹೊಸ ನಾವಿಕ ಮೂರೂ ಒಟ್ಟಿಗಿರುವಾಗ ಅದು ಬೇಡ. ಭಾದ್ರಪದ ಕಳೆಯಲಿ. ದಡದಲ್ಲಿ ನಿಂತು ನೋಡಿದಾಗ ಎಲ್ಲಾದರೂ ಒಂದು ಬಿಳಿನೊರೆ ಕಂಡರೂ ಅಂದು ದೋಣಿಯನ್ನು ಗಾಡಿಯಿಂದ ಇಳಿಸಬೇಡಿ.

ಶೆಡ್ಡಿನ ದೋಣಿ
ಈಗಿನ ಸ್ಥಿತಿಯನ್ನು ತಿಳಿಸುತ್ತಿದ್ದೇನೆ. ಚುಕ್ಕಾಣಿಯನ್ನು ಮಗಳು ಅಟ್ಟದ ಮೇಲಿಟ್ಟು ಬೀಗ ಹಾಕಿದ್ದಾಳೆ, ಅದರಿಂದಾಗಿ ಗಾಳಿಪೆಟ್ಟಿಗೆಗಳ ಕೆಲಸ ಮುಗಿಯಿತು. ಒಳಬದಿಗೆ ಎಪಾಕ್ಸಿಯ ಲೇಪ ಕೊಟ್ಟು ಮುಚ್ಚಳಗಳನ್ನು ಅಂಟಿಸಿದೆ. ಸೋರಿಕೆಯನ್ನು ಪರೀಕ್ಷಿಸುವುದು ಹೇಗೆಂದು ತಿಳಿಯದೆ ನೆರೆಮನೆಗೆ ಗಾರೆ ಕೆಲಸಕ್ಕೆ ಬಂದಿದ್ದವರಿಂದ ಮಟ್ಟ ನೋಡುವ ಪಾರದರ್ಶಕ ಪೈಪನ್ನು ಎರವಲು ತಂದೆ. ಅದನ್ನು ಯು ಆಕಾರಕ್ಕೆ ಬಗ್ಗಿಸಿ, ಅರ್ಧಕ್ಕೆ ನೀರು ತುಂಬಿ, ಒಂದು ತುದಿಯನ್ನು ಪೆಟ್ಟಿಗೆಯ ಬಿರಡೆಯ ರಂಧ್ರಕ್ಕೆ ಕೂರಿಸಿದೆ. ಇನ್ನೊಂದು ಸಣ್ಣ ನಳಿಕೆಯಿಂದ ಬಾಯಲ್ಲಿ ಊದಿ, ನೀರಿನ ಎರಡು ಮಟ್ಟಗಳ ನಡುವೆ ಗೇಣಿಗಿಂತ ಕಡಿಮೆ ವ್ಯತ್ಯಾಸ ಬರುವಂತೆ ಮಾಡಿ ನಳಿಕೆಯನ್ನು ಚಿವುಟಿ ಹಿಡಿದೆವು. ಎಡಬದಿಯ ಪೆಟ್ಟಿಗೆಯಲ್ಲಿ ನೀರು ಮೆಲ್ಲನೆ ಸಮಕ್ಕೆ ಬಂತು. ಸಂದಿಗೆಲ್ಲ ಸೋಪಿನ ನೀರನ್ನು ಬಳಿದಾಗ ಮುಂದಿನ ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು ಒಂದರ ಮೇಲೊಂದು ಏಳತೊಡಗಿದವು.

ಹೆಬ್ಬಾಳು ಫೈಬರ್
ಬಹಳ ಸೊಗಸಾದ ಉಪಾಯ. ಬಾಯಲ್ಲೇ ಊದಿದ್ದು ಒಳ್ಳೆಯದಾಯಿತು. ಸೈಕಲ್ ಪಂಪ್ ಹಾಕಿದ್ದರೆ ಮುಚ್ಚಳ ಎದ್ದುಬರುತ್ತಿತ್ತು. ಆ ಮೂಲೆಯನ್ನು ಉಜ್ಜಿ, ಮೊದಲು ತೆಳು ಎಪಾಕ್ಸಿಯನ್ನು ಕುಡಿಸಿ, ಅದು ಅಂಟಂಟಾಗಿರುವಾಗಲೇ ಗಟ್ಟಿ ಮಿಶ್ರಣವನ್ನು ತುಂಬಿ.

ನಿವೃತ್ತ ನೀರಾವರಿ
ಅರ್ಜಿಯ ಕಥೆ ಏನಾಯಿತು?

ಶೆಡ್ಡಿನ ದೋಣಿ
ಅರ್ಜಿ ಕೊಟ್ಟು, ನಾಲ್ಕಾರು ಸಲ ಓಡಾಡಿದ ಮೇಲೆ ಬರಹದಲ್ಲಿ ಉತ್ತರ ಬಂದಿದೆ. ಅಣೆಕಟ್ಟೆಯ ಕಡೆಗೆ ಹೋಗಬಾರದು, ಸೂರ್ಯಾಸ್ತದ ಮೊದಲು ದಡ ಸೇರಬೇಕು, ಪ್ರತಿಯೊಬ್ಬರೂ ಲೈಫ್ ಜಾಕೆಟ್ ಧರಿಸಿರಬೇಕು ಎಂಬ ಷರತ್ತುಗಳಿವೆ.

ದೋಣಿಯವರ ಮಗಳು
ದೋಣಿ ನೀರಿಗಿಳಿಯಿತು! ಆಯುಧಪೂಜೆ ಕಳೆದ ಮೇಲಿನ ಭಾನುವಾರ ಇಳಿಸಿದೆವು. ಅಪ್ಪ ಬರೆಯುತ್ತಾ ಕುಳಿತರೆ ಇನ್ನೊಂದು ತಿಂಗಳಾಗುತ್ತದೆ, ಆದ್ದರಿಂದ ವರದಿಯನ್ನು ನಾನೇ ಕೊಡುತ್ತೇನೆ.

ಟಾಟಾ ಏಸ್ ಗಾಡಿಯ ಹಿಂಬದಿ ಸುಮಾರು 7 ಅಡಿ ಮಾತ್ರ ಇರುವುದರಿಂದ ಉಳಿದ ದೋಣಿ ಹೊರಗೆ ಚಾಚಿಕೊಂಡಿತ್ತು. ತುದಿಗೆ ಅಮ್ಮನ ಕೆಂಪು ರವಿಕೆಯ ಬಟ್ಟೆಯನ್ನು ಕಟ್ಟಿದೆವು. ಇಲವಾಲ ದಾಟುವವರೆಗೆ ಹಿಂದೆ ಬಂದ ಬೈಕಿನವರೆಲ್ಲ ಇದು ದಸರಾ ಸ್ತಬ್ಧಚಿತ್ರವೇ ಎಂದು ಕೇಳುತ್ತಿದ್ದರು. ದಡದಲ್ಲಿ ಅಮ್ಮ ಬೂದುಗುಂಬಳಕಾಯಿ ಒಡೆದು, ಮೂತಿಗೆ ಕುಂಕುಮ ಇಟ್ಟರು. ಒಬ್ಬ ಮೀನುಗಾರರನ್ನು ಅವರ ಹರಿಗೋಲಿನೊಂದಿಗೆ ಪಕ್ಕದಲ್ಲೇ ಇರುವಂತೆ ಕೇಳಿಕೊಂಡಿದ್ದೆವು.

ಹಿನ್ನೀರ ಗಾಳಿ ಅವರ ಮಾತಿನಂತೆ ಮೊದಲು ಹುಟ್ಟು ಹಾಕಿ ಸುತ್ತಿದೆವು. ಆಮೇಲೆ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿದೆವು. ಮೀನುಗಾರರು ಗಾಬರಿಯಿಂದ ಹರಿಗೋಲನ್ನು ತಿರುಗಿಸಿಕೊಂಡು ಬಂದುಬಿಟ್ಟರು, ಅವರಿಗೆ ವಿವರಿಸುವಷ್ಟರಲ್ಲಿ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ದೋಣಿ ಮಗ್ಗುಲಾಗಿ ತೇಲುತ್ತಾ ನಿಂತಿತು, ತಳದಿಂದ ಚಾಚಿಕೊಂಡಿದ್ದ ಹಲಗೆಯ ಮೇಲೆ ನಾನು ಭಾರ ಹಾಕಿದೊಡನೆ ಎದ್ದು ನೇರವಾಯಿತು. ಒಳಗಿದ್ದ ನೀರನ್ನು ಬಕೆಟ್ಟಿನಿಂದ ಮೊಗೆದೆವು. ಮಧ್ಯಾಹ್ನ ಗಾಳಿ ಹಗುರವಾಗಿದ್ದಾಗ ಎರವಲು ತಂದ ಹಾಯಿಯನ್ನು ಏರಿಸಿದೆವು. ಹಾಯಿ ಎರಡು ಸಲ ಪಟಪಟ ಬಡಿದು ತುಂಬಿಕೊಂಡ ತಕ್ಷಣ ದೋಣಿ ತಾನಾಗಿಯೇ ಮುಂದೆ ಸರಿಯಿತು, ಅಪ್ಪ ಹಗ್ಗ ಹಿಡಿಯುವುದನ್ನೇ ಮರೆತರು.

ಹಿನ್ನೀರ ಗಾಳಿ
ಅಭಿನಂದನೆಗಳು. ಬಿರಡೆ ತೆಗೆದು ಪೆಟ್ಟಿಗೆಗಳಲ್ಲಿ ನೀರು ಸೇರಿದೆಯೇ ಎಂದು ನೋಡಿದಿರಾ?

ಶೆಡ್ಡಿನ ದೋಣಿ
ನೋಡಿದೆವು ಸರ್. ಮೂರು ಒಣಗಿದ್ದವು. ಹಿಂಬದಿಯ ಪೆಟ್ಟಿಗೆಯಿಂದ ಮಾತ್ರ ಒಂದು ಚೊಂಬಿನಷ್ಟು ನೀರು ಬಂತು. ಅದಕ್ಕೂ ಊದುವ ಪರೀಕ್ಷೆ ಆಗಿತ್ತು, ಆಗ ಒಂದು ಗುಳ್ಳೆಯೂ ಕಂಡಿರಲಿಲ್ಲ.

ಇಲವಾಲದ ಬಡಗಿ
ಪರೀಕ್ಷೆ ನಡೆದಾಗ ಚುಕ್ಕಾಣಿ ಅಟ್ಟದ ಮೇಲಿತ್ತಲ್ಲವೇ? ಹಾಗಾದರೆ ಅದರ ಕೊಂಡಿಗಳನ್ನು ಕೊರೆದು ಕೂರಿಸಿದ್ದು ಪರೀಕ್ಷೆಯ ಮೇಲೆಯೇ ಇರಬೇಕು. ಅದರ ಕೆಳಗಿನ ಕೊಂಡಿಯ ಬೋಲ್ಟುಗಳು ಹಿಂಬದಿಯ ಹಲಗೆಯನ್ನು ತೂರಿಕೊಂಡು ನೇರವಾಗಿ ಆ ಪೆಟ್ಟಿಗೆಯೊಳಕ್ಕೆ ಹೋಗುತ್ತವೆ, ನೀರು ಬಂದದ್ದು ಅಲ್ಲಿಂದಲೇ. ಸುಮ್ಮನೆ ಸಿಲಿಕೋನ್ ಬಳಿದು ಬಿಡಬೇಡಿ, ಬೋಲ್ಟಿನ ಸುತ್ತ ಹಲಗೆಯ ಪದರ ನೀರು ಕುಡಿಯುತ್ತಲೇ ಇರುತ್ತದೆ. ಬೋಲ್ಟುಗಳನ್ನು ತೆಗೆದು ಚೆನ್ನಾಗಿ ಒಣಗಿಸಿ, ರಂಧ್ರವನ್ನು ದೊಡ್ಡದಾಗಿ ಕೊರೆದು, ಪೂರ್ತಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿಗೂ ಮರಕ್ಕೂ ಸಂಪರ್ಕವೇ ಇರುವುದಿಲ್ಲ.

ಶೆಡ್ಡಿನ ದೋಣಿ
ಹಾಗೆಯೇ ಮಾಡುತ್ತೇನೆ. ಬೋಲ್ಟು 5 ಮಿಲಿಮೀಟರಿನದು. ದೊಡ್ಡ ರಂಧ್ರಕ್ಕೆ 8 ಸಾಕೇ, 10 ಬೇಕೇ?

ಇಲವಾಲದ ಬಡಗಿ
10 ಇರಲಿ. ಎರಡನೆಯ ಸಲ ಕೊರೆಯುವಾಗ ಕೈ ಸ್ವಲ್ಪ ಸರಿದರೂ ಮರ ತಾಗುವುದಿಲ್ಲ. ಹಿಂದಿನಿಂದ ಟೇಪ್ ಅಂಟಿಸಿದ ಮೇಲೆಯೇ ತುಂಬಿ, ಇಲ್ಲವಾದರೆ ಎಪಾಕ್ಸಿ ಪೂರ್ತಿ ಪೆಟ್ಟಿಗೆಯೊಳಕ್ಕೆ ಸುರಿದುಹೋಗುತ್ತದೆ.